ಅಮೆರಿಕದ ಬಗ್ಗೆ ಒಂದು ಬಿ.ಎ., ಅದು ಮಲೆನಾಡಿನಿಂದಲೇ ಶುರುವಾಗಲಿ

ಮಾನ್ಯ ಸಂಪಾದಕರೆ,

ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ‘ಮುಂದೇನು ಓದಬೇಕು’ ಎಂಬ ಪುಟ ಬರುತ್ತದೆ. ಎಂಜಿನಿಯರಿಂಗ್, ನರ್ಸಿಂಗ್, ಬಿ.ಕಾಂ.ಗೆ ಮುಕ್ಕಾಲು ಪುಟ. ಬಿ.ಎ.ಗೆ ಕೊನೆಯ ಎರಡು ಸಾಲು. ಆ ಬಿ.ಎ. ಬಗ್ಗೆಯೇ ಈ ಪತ್ರ. ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಾದರೂ ಅಮೆರಿಕದ ಸಂಸ್ಕೃತಿ ಅಧ್ಯಯನವನ್ನು ಪದವಿಯ ಒಂದು ವಿಷಯವಾಗಿ ಶುರು ಮಾಡಬೇಕು. ಕುವೆಂಪು ವಿಶ್ವವಿದ್ಯಾಲಯ ಇದರ ಬಗ್ಗೆ ಯೋಚಿಸಬೇಕು. ಸಾಗರದಲ್ಲಿ ಬಹಳ ವರ್ಷ ಬಿ.ಎ. ಮಕ್ಕಳಿಗೆ ಇತಿಹಾಸ ಹೇಳಿಕೊಟ್ಟವಳಾಗಿ ಇದನ್ನು ಕೇಳುತ್ತಿದ್ದೇನೆ.

ಇಷ್ಟು ದಿನ ಇಲ್ಲದ್ದು ಈಗೇಕೆ ಎಂದರೆ, 2025ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಎಚ್‌-1ಬಿ ಎಂಬ ಕೆಲಸದ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಎಂದು ಅಮೆರಿಕದ ಅಧ್ಯಕ್ಷರು 19ನೇ ತಾರೀಖು ಸಹಿ ಹಾಕಿದರು. ನವರಾತ್ರಿಗೆಂದು ಊರಿಗೆ ಬಂದಿದ್ದ ಹುಡುಗರು ಹಬ್ಬ ಬಿಟ್ಟು ಟಿಕೆಟ್ ಹುಡುಕಿದರು. ಮಾರನೇ ದಿನ, ಇದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಬಂತು. ಅಷ್ಟು ಹೊತ್ತಿಗೆ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಯವರು ನಿದ್ದೆ ಕೆಟ್ಟಿದ್ದರು. ಪಕ್ಕದ ಮನೆಯ ಅಕ್ಕ ನನ್ನ ಹತ್ತಿರ ಬಂದು ಕೇಳಿದರು: “ಅವರೊಬ್ಬರು ಸಹಿ ಹಾಕಿದ್ರೆ ಸಾಕಾ? ಅಲ್ಲಿ ಪಾರ್ಲಿಮೆಂಟ್ ಇಲ್ವಾ? ಕೋರ್ಟು ಸುಮ್ನೆ ಇರುತ್ತಾ?”

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ನೋಡಿಲ್ಲ. ಅಧ್ಯಕ್ಷರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ, ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನದು ಎಲ್ಲಿಂದ ಶುರು, ಒಬ್ಬ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರ ಆದೇಶವನ್ನು ತಡೆಯಬಹುದೇ? ಇದನ್ನೆಲ್ಲ ನಿಧಾನವಾಗಿ ಕನ್ನಡದಲ್ಲಿ ಹೇಳಬಲ್ಲವರು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೆ? ಅಮೆರಿಕದ ಸಂಬಳ ನಮಗೆ ಗೊತ್ತು. ಅಲ್ಲಿ ಹಿಮ ಬೀಳುವ ತಿಂಗಳು ಗೊತ್ತು. ಯಾವ ಊರಿನಲ್ಲಿ ದೇವಸ್ಥಾನ ಇದೆ, ಎಲ್ಲಿ ಕನ್ನಡ ಕೂಟ ಇದೆ ಎನ್ನುವುದೂ ಗೊತ್ತು. ಆ ದೇಶ ಗೊತ್ತಿಲ್ಲ. ಅಲ್ಲಿಗೆ ಹೋಗುವ ಬಾಗಿಲು ಹಿಂದೆಯೂ ಮುಚ್ಚಿದ್ದು, ತೆರೆದದ್ದು ಗೊತ್ತಿಲ್ಲ. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅವರಿಗೆ ಪೌರತ್ವ ಇಲ್ಲ, ಯಾಕೆಂದರೆ ಅವರು ‘ಬಿಳಿಯ’ರಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. ಭಾರತೀಯರಿಗೆ ಪೌರತ್ವದ ದಾರಿ ತೆರೆದದ್ದು 1946ರಲ್ಲಿ. ಡಾಕ್ಟರು, ಎಂಜಿನಿಯರುಗಳು ಗುಂಪುಗುಂಪಾಗಿ ಹೋಗಲು ಸಾಧ್ಯವಾದದ್ದು 1965ರ ವಲಸೆ ಕಾಯ್ದೆಯಿಂದ. ಆ ಕಾಯ್ದೆಯ ಹಿಂದೆ ಕಪ್ಪು ಜನರ ಹಕ್ಕಿನ ಹೋರಾಟ ಇತ್ತು. ನಮ್ಮ ಮಕ್ಕಳು ಅಲ್ಲಿ ಮನೆ ಕೊಂಡಿರುವುದು ಆ ಹೋರಾಟದ ಫಲದಿಂದಲೂ ಹೌದು. ಇದು ಮನೆಮನೆಗೂ ಗೊತ್ತಿರಬೇಕಾದ ಸಂಗತಿ ಅಲ್ವಾ?

ಆದರೆ ಈ ಪದವಿಯನ್ನು ಹೇಗೆ ಕಟ್ಟಬೇಕು ಎನ್ನುವಲ್ಲಿ ನನಗೆ ಒಂದು ಹಟ ಇದೆ. ಹೊರಗಿನ ಯಾವುದೋ ವಿಶ್ವವಿದ್ಯಾಲಯದ ಸಿಲೆಬಸ್ ತಂದು ಅನುವಾದ ಮಾಡಿ ಹಂಚಿದರೆ ಪ್ರಯೋಜನ ಇಲ್ಲ. ಅಮೆರಿಕವನ್ನು ಓದಲು ಬೇಕಾದ ಅರ್ಧ ಸಾಮಗ್ರಿ ನಮ್ಮ ಕಾಲ ಕೆಳಗೇ ಇದೆ. ಮೊದಲ ತರಗತಿ ಕಾಗೋಡಿನಿಂದಲೇ ಶುರುವಾಗಲಿ.

ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ, ಇದೇ ಸಾಗರ ತಾಲ್ಲೂಕಿನಲ್ಲಿ. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಅದು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದರು, ಗೇಣಿದಾರರ ಜೊತೆ ನಿಂತರು, ಬಂಧನಕ್ಕೊಳಗಾದರು. ಇಷ್ಟು ನಮ್ಮ ಮಕ್ಕಳಿಗೆ ಗೊತ್ತು. ಅದೇ ವರ್ಷ ಲೋಹಿಯಾ ಅಮೆರಿಕಕ್ಕೆ ಹೋದರು. ಅಲ್ಲಿನ ಕಪ್ಪು ಜನರ ಸಭೆಗಳಲ್ಲಿ ಸತ್ಯಾಗ್ರಹದ ದಾರಿ ಹಿಡಿಯಿರಿ ಎಂದು ಮಾತಾಡಿದರು. ಬಸ್ಸಿನಲ್ಲಿ ಬಿಳಿಯರಿಗೆ ಬೇರೆ, ಕಪ್ಪು ಜನರಿಗೆ ಬೇರೆ ಸೀಟು ಎನ್ನುವುದರ ವಿರುದ್ಧ ಕಪ್ಪು ಜನ ನಡೆಸಿದ ಮಾಂಟ್ಗೊಮರಿಯ ಬಸ್ ಬಹಿಷ್ಕಾರಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. 1964ರ ಮೇ ತಿಂಗಳಲ್ಲಿ ಮತ್ತೆ ಹೋದಾಗ, ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ಊರಿನಲ್ಲಿ ಬಿಳಿಯರಿಗೆ ಮಾತ್ರ ಎಂದಿದ್ದ ಒಂದು ಕೆಫೆಟೇರಿಯಾಕ್ಕೆ ಹೊರಟರು. ಒಳಗೆ ಬಿಡಲಿಲ್ಲ. ಮಾರನೇ ದಿನ ಮತ್ತೆ ಅಲ್ಲಿಗೇ ಹೋದರು. ಪೊಲೀಸರು ವ್ಯಾನಿಗೆ ಹತ್ತಿಸಿಕೊಂಡು ಹೋದರು. ಅಮೆರಿಕದ ಸರ್ಕಾರ ಆಮೇಲೆ ಕ್ಷಮೆ ಕೇಳಿತು. ಹೋಟೆಲುಗಳಲ್ಲಿ ಇಂಥ ಭೇದ ಮಾಡುವುದು ಕಾನೂನಿಗೆ ವಿರುದ್ಧ ಎನ್ನುವ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಬಿದ್ದದ್ದು ಜುಲೈ 2ಕ್ಕೆ, ಅಂದರೆ ಸುಮಾರು ಐದು ವಾರದ ಆಮೇಲೆ.

ಕಾಗೋಡಿನಲ್ಲಿ ಸೆರೆಯಾದ ಮನುಷ್ಯ ಜಾಕ್ಸನ್ನಿನಲ್ಲೂ ಸೆರೆಯಾದರು. ಈ ಎರಡು ಊರುಗಳನ್ನು ಒಂದೇ ನಕ್ಷೆಯಲ್ಲಿ ಇಟ್ಟು ಪಾಠ ಮಾಡುವ ಹಕ್ಕು ನಮ್ಮ ಜಿಲ್ಲೆಗೆ ಇದ್ದಷ್ಟು ಇನ್ಯಾರಿಗಿದೆ?

ಅಲ್ಲಿಂದ ಮುಂದಕ್ಕೆ ಪಾಠ ತಾನಾಗಿ ಹರಿಯುತ್ತದೆ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು, ಗುಲಾಮರಿಗೆ ಬಿಡುಗಡೆ ಆಯಿತು. ಸೇನಾಧಿಕಾರಿ ಶರ್ಮನ್ ಒಂದು ಆದೇಶ ಹೊರಡಿಸಿ, ದಕ್ಷಿಣದ ಕರಾವಳಿಯಲ್ಲಿ ಒಂದೊಂದು ಕುಟುಂಬಕ್ಕೆ 40 ಎಕರೆಯ ತನಕ ಜಮೀನು ಎಂದರು. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದನ್ನು ಹಿಂದಕ್ಕೆ ಪಡೆದರು. ಜಮೀನು ಹಳೇ ಮಾಲೀಕರಿಗೇ ವಾಪಸಾಯಿತು. ಗುಲಾಮರಾಗಿದ್ದವರು ಅದೇ ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುವವರಾದರು. ಬೀಜ ಸಾಲ, ಗೊಬ್ಬರ ಸಾಲ, ಅಂಗಡಿ ಸಾಲ. ವರ್ಷದ ಕೊನೆಗೆ ಮಾಲೀಕರ ಪುಸ್ತಕದಲ್ಲಿ ಬಾಕಿ ಮಾತ್ರ ಉಳಿಯುತ್ತಿತ್ತು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಹುಡುಗಿಗೆ ಇದನ್ನು ವಿವರಿಸಲು ಒಂದು ವಾರ ಬೇಕಾಗಬಹುದು. ಗೇಣಿದಾರನ ಮೊಮ್ಮಗಳಿಗೆ ಒಂದು ನಿಮಿಷ ಸಾಕು. ಅವಳ ಅಜ್ಜನಿಗೆ 1974ರ ಭೂಸುಧಾರಣೆ ತಿದ್ದುಪಡಿಯಿಂದ ಜಮೀನು ಬಂತು. ಆ ಕಡೆಯ ಅಜ್ಜನಿಗೆ ಬರಲಿಲ್ಲ. ಬಂದದ್ದರಿಂದ ಇಲ್ಲಿ ಏನು ಬದಲಾಯಿತು, ಬರದೇ ಇದ್ದದ್ದರಿಂದ ಅಲ್ಲಿ ಏನಾಯಿತು? ಇಂಥ ಪ್ರಶ್ನೆಯನ್ನು ನಮ್ಮ ಹುಡುಗಿ ಕೇಳಿದರೆ ಅಮೆರಿಕದ ಪ್ರೊಫೆಸರೂ ಪೆನ್ನು ಕೆಳಗಿಟ್ಟು ಕೇಳಿಸಿಕೊಳ್ಳುತ್ತಾರೆ. ನನಗೆ ಇದರಲ್ಲಿ ಪೂರ್ತಿ ನಂಬಿಕೆ ಇದೆ.

ಮುಳುಗಡೆಯೂ ಹಾಗೆಯೇ. ಲಿಂಗನಮಕ್ಕಿ ಅಣೆಕಟ್ಟು 1964ರದು. ಶರಾವತಿ ಹಿನ್ನೀರಿನಿಂದ ಎದ್ದು ಬಂದವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಅಮೆರಿಕದ ಟೆನೆಸ್ಸೀ ಕಣಿವೆಯಲ್ಲಿ ಸರ್ಕಾರ 1933ರಲ್ಲಿ ಒಂದು ಪ್ರಾಧಿಕಾರ ಮಾಡಿ ಸಾಲುಸಾಲು ಅಣೆಕಟ್ಟು ಕಟ್ಟಿತು. ಅದನ್ನೇ ಮಾದರಿ ಮಾಡಿಕೊಂಡು ನಮ್ಮಲ್ಲಿ 1948ರಲ್ಲಿ ದಾಮೋದರ ಕಣಿವೆ ನಿಗಮ ಬಂತು. ಟೆನೆಸ್ಸೀಯಲ್ಲಿಯೂ ಸಾವಿರಾರು ಕುಟುಂಬ ಎದ್ದು ಹೋದವು, ಸಮಾಧಿಗಳನ್ನೂ ಅಗೆದು ಸ್ಥಳಾಂತರಿಸಿದರು. ಆಗ ತೆಗೆದ ಫೋಟೊಗಳು ಇವತ್ತಿಗೂ ಇವೆ. ಮನೆ ಮುಂದೆ ನಿಂತ ಅಜ್ಜಿ, ಗಾಡಿಗೆ ಏರಿಸಿದ ಮಂಚ. ಅಂಥದ್ದೊಂದು ಫೋಟೊ ಕೊಟ್ಟು, ಇದನ್ನು ನಿಮ್ಮ ಅಜ್ಜಿಗೆ ತೋರಿಸಿ ಅವರು ಹೇಳಿದ್ದನ್ನು ಬರೆದುಕೊಂಡು ಬನ್ನಿ ಎಂದರೆ ಎಂಥ ಪ್ರಬಂಧಗಳು ಬರಬಹುದು!

ರಾಷ್ಟ್ರೀಯ ಉದ್ಯಾನ ಎಂಬ ಯೋಚನೆ ಬಂದದ್ದೂ ಅಲ್ಲಿಂದಲೇ, 1872ರ ಯೆಲ್ಲೊಸ್ಟೋನ್‌ನಿಂದ. ಅಲ್ಲಿ ಕಾಡನ್ನು ಉಳಿಸುವಾಗ ಆ ಕಾಡಿನಲ್ಲಿ ಬೇಟೆಯಾಡಿ ಬದುಕುತ್ತಿದ್ದ ಮೂಲನಿವಾಸಿಗಳನ್ನು ಹೊರಗಿಟ್ಟರು. ಕುದುರೆಮುಖದ ಅಂಚಿನ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಗೆ ಸಲಹೆ ಕೊಟ್ಟವರು ನ್ಯೂಯಾರ್ಕಿನ ಎಂಜಿನಿಯರ್ ಸಿ.ಪಿ. ಪೆರಿನ್. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ ಅದರ ವೈರಸ್ ಹುಡುಕಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ಆ ಕೇಂದ್ರ 1952ರಲ್ಲಿ ಹುಟ್ಟಿದ್ದೇ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಜೊತೆಗೂಡಿ. ಒಂದು ದೇಶದ ಸಂಸ್ಕೃತಿ ಇನ್ನೊಂದು ದೇಶದ ಕಾಡಿನೊಳಗೆ ಹೀಗೂ ನಡೆದು ಬರುತ್ತದೆ.

ನನ್ನ ವಯಸ್ಸಿನವರಿಗೆ ಇನ್ನೊಂದು ನೆನಪು ಇದೆ. ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯಿಂದ ಬರುತ್ತಿದ್ದ, ಶಾಲೆಯ ಕೇರ್ ಉಪ್ಪಿಟ್ಟು. ಹಳದಿ ರವೆ, ಡಬ್ಬದ ಎಣ್ಣೆಯ ಆ ಒಂದು ವಾಸನೆ, ಅಲ್ಯೂಮಿನಿಯಂ ಲೋಟದಲ್ಲಿ ಬಿಸಿನೀರಿಗೆ ಕದಡಿದ ಹಾಲಿನ ಪುಡಿ. ಮೇಷ್ಟ್ರ ಕುರ್ಚಿಯ ಹಿಂದೆ ಚೀಲಗಳನ್ನು ಪೇರಿಸಿಟ್ಟಿರುತ್ತಿದ್ದರು. ಅವುಗಳ ಮೇಲೆ ಒಂದು ಗುರಾಣಿಯ ಚಿತ್ರ, ಅದರೊಳಗೆ ಕುಲುಕುತ್ತಿರುವ ಎರಡು ಕೈ, ಮೇಲೆ ನಕ್ಷತ್ರ, ಕೆಳಗೆ ಪಟ್ಟೆ. ನಮಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆ ಎರಡು ಕೈ ಯಾರದು ಎಂದು ನಾವು ಮಕ್ಕಳು ಜಗಳ ಆಡುತ್ತಿದ್ದೆವು. ಖಾಲಿ ಚೀಲ ಯಾರ ಮನೆಗೆ ಹೋಗುತ್ತದೆ ಎನ್ನುವುದು ಇನ್ನೂ ದೊಡ್ಡ ಜಗಳ, ಅಷ್ಟು ಗಟ್ಟಿ ಬಟ್ಟೆ ಅದು.

ಆ ಉಪ್ಪಿಟ್ಟಿನ ಹಿಂದೆ ಒಂದು ಇಡೀ ಸೆಮಿಸ್ಟರಿನ ಪಾಠ ಇದೆ. ಅಮೆರಿಕದ ರೈತರು ಬೆಳೆದದ್ದು ಅಲ್ಲಿ ಖರ್ಚಾಗದೆ ಉಳಿದಾಗ, ಅದನ್ನು ಹೊರದೇಶಗಳಿಗೆ ಕೊಡಲು 1954ರಲ್ಲಿ ಪಿಎಲ್-480 ಎಂಬ ಕಾಯ್ದೆ ಮಾಡಿದರು. ಮಾರಿದ ಗೋಧಿಗೆ ಭಾರತ ರೂಪಾಯಿಯಲ್ಲೇ ದುಡ್ಡು ಕೊಡಬಹುದಿತ್ತು. ಶಾಲೆಗಳಿಗೆ ಬಂದದ್ದು ದಾನ. 1965–66ರ ಬರಗಾಲದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಗೋಧಿ ಹಡಗುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಟ್ಟರು. ಭಾರತ ತನ್ನ ಕೃಷಿ ನೀತಿ ಬದಲಿಸಲಿ ಎಂಬ ಒತ್ತಡ ಒಂದು ಕಡೆ, ವಿಯೆಟ್ನಾಂ ಯುದ್ಧದ ಬಗ್ಗೆ ಭಾರತ ಆಡಿದ ಮಾತಿಗೆ ಸಿಟ್ಟು ಇನ್ನೊಂದು ಕಡೆ. ಇದರಲ್ಲಿ ದಯೆಯೂ ಇತ್ತು, ಲೆಕ್ಕಾಚಾರವೂ ಇತ್ತು, ದರ್ಪವೂ ಇತ್ತು. ಮೂರನ್ನೂ ಒಟ್ಟಿಗೆ ನೋಡಲು ಕಲಿಸುವುದೇ ಪದವಿ ತರಗತಿಯ ಕೆಲಸ. ಅಮೆರಿಕವನ್ನು ಹೊಗಳಲು ಈ ಕೋರ್ಸ್ ಬೇಡ, ಬೈಯಲೂ ಬೇಡ.

ಈಗ ವ್ಯಾವಹಾರಿಕ ವಿಷಯ. ನಮ್ಮ ರಾಜ್ಯದಲ್ಲಿ 2024–25ರಿಂದ ಮತ್ತೆ 3 ವರ್ಷದ ಪದವಿ ಬಂದಿದೆ. ಆರು ಸೆಮಿಸ್ಟರ್. ಪದವಿಯ ಹೆಸರು ಬಿ.ಎ. ಎಂದೇ ಇರಲಿ, ಹೊಸ ಹೆಸರು ಇಡುವುದು ಬೇಡ. ಹೆಸರು ಬೇರೆ ಆದರೆ ನೇಮಕಾತಿಯ ಹೊತ್ತಿಗೆ ‘ಇದು ನಮ್ಮ ನಿಯಮದಲ್ಲಿ ಇಲ್ಲ’ ಎಂದು ಅರ್ಜಿ ಪಕ್ಕಕ್ಕಿಡುತ್ತಾರೆ. ಆಗ ಅಳುವುದು ಬಡವರ ಮಕ್ಕಳು. ಅಮೆರಿಕ ಅಧ್ಯಯನ ಮೂರು ವಿಷಯಗಳಲ್ಲಿ ಒಂದಾಗಿರಲಿ. ಜೊತೆಗೆ ಇತಿಹಾಸ ಇರಲಿ, ಮೂರನೆಯದು ಕನ್ನಡ ಅಥವಾ ಇಂಗ್ಲಿಷ್. ಹೀಗೆ ಮಾಡಿದರೆ ಬಿ.ಎಡ್. ದಾರಿ ಮುಚ್ಚುವುದಿಲ್ಲ. ನಮ್ಮ ಕಡೆ ಬಿ.ಎ.ಗೆ ಬರುವ ಹೆಣ್ಣುಮಕ್ಕಳಲ್ಲಿ ಜಾಸ್ತಿ ಜನ ಟೀಚರ್ ಆಗಬೇಕು ಅಂತಲೇ ಬರುವವರು. ಅವರ ಆಸೆಯನ್ನು ಪಣಕ್ಕಿಟ್ಟು ಯಾವ ಪ್ರಯೋಗವೂ ಬೇಡ.

ಭಾಷೆಯ ವಿಚಾರದಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಪಾಠ ಕನ್ನಡದಲ್ಲಿ, ಪರೀಕ್ಷೆ ಕನ್ನಡದಲ್ಲಿ, ದಾಖಲೆ ಮಾತ್ರ ಮೂಲ ಇಂಗ್ಲಿಷಿನಲ್ಲಿ. ವಾರಕ್ಕೆ ಒಂದೇ ಪುಟ. ಥಿಂಡ್ ತೀರ್ಪಿನ ಒಂದು ಪುಟ ತೆಗೆದುಕೊಂಡು, ಒಂದೊಂದು ವಾಕ್ಯ ಬಿಡಿಸಿ, ನ್ಯಾಯಾಧೀಶರು ಯಾವ ಮಾತಿನಲ್ಲಿ ಜಾರಿಕೊಂಡರು ಎಂದು ತೋರಿಸಬೇಕು. ಅವರು ಮೂರು ತಿಂಗಳ ಹಿಂದಷ್ಟೇ ಜಪಾನಿನ ಒಬ್ಬ ಅರ್ಜಿದಾರನಿಗೆ, ‘ಬಿಳಿಯ’ ಎಂದರೆ ಕಕೇಷಿಯನ್ ಜನಾಂಗ, ನೀನು ಅದಲ್ಲ ಎಂದು ಹೇಳಿ ಕಳಿಸಿದ್ದರು. ವಿದ್ವಾಂಸರ ಲೆಕ್ಕದಲ್ಲಿ ತಾನು ಕಕೇಷಿಯನ್ನೇ ಎಂದು ಥಿಂಡ್ ತೋರಿಸಿದಾಗ, ವಿದ್ವಾಂಸರ ಲೆಕ್ಕ ಬೇಡ, ಸಾಮಾನ್ಯ ಮನುಷ್ಯನ ತಿಳಿವಳಿಕೆ ಸಾಕು ಎಂದರು. ಹೀಗೆ ಓದಿಸಿದರೆ ಮೂರು ವರ್ಷದಲ್ಲಿ ಮಕ್ಕಳ ಇಂಗ್ಲಿಷ್ ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗಿಂತಲೂ ಗಟ್ಟಿಯಾಗುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗನೂ ಬಾಯಿ ಬಿಡುತ್ತಾನೆ.

ಅಂಬೇಡ್ಕರ್ 1913ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದ್ದು, 1946ರಲ್ಲಿ ಕಪ್ಪು ಜನರ ನಾಯಕ ಡು ಬೋಯಿಸ್ ಅವರಿಗೆ ಪತ್ರ ಬರೆದದ್ದು ಸಿಲೆಬಸ್ಸಿನಲ್ಲಿ ಇರಲೇಬೇಕು. ಅಸ್ಪೃಶ್ಯರ ಮತ್ತು ನೀಗ್ರೋಗಳ ಸ್ಥಿತಿ ತುಂಬ ಹತ್ತಿರ, ಹಾಗಾಗಿ ಅದನ್ನು ಓದುವುದು ಅಗತ್ಯ ಎಂಬ ಅರ್ಥದ ಮಾತು ಆ ಪತ್ರದಲ್ಲಿದೆ. ಡು ಬೋಯಿಸ್ ಉತ್ತರ ಕೊಟ್ಟರು. ಎರಡೂ ಸೇರಿ ಒಂದು ಪುಟ ಆಗಬಹುದು. ಪ್ರೊ. ಬಿ. ಕೃಷ್ಣಪ್ಪನವರು ಪಾಠ ಮಾಡಿದ, ದಲಿತ ಸಂಘರ್ಷ ಸಮಿತಿ ಬೆಳೆದ ಭದ್ರಾವತಿಯಲ್ಲಿ ಈ ಪತ್ರಗಳನ್ನು ಓದಿಸುವುದೇ ಬೇರೆ. ಹಾಡು, ಸಿನಿಮಾ, ಊಟವೂ ಇರಲಿ. ನಮ್ಮ ಹುಡುಗರು ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಕನ್ನಡ ರ‍್ಯಾಪಿನ ಬೇರು 1973ರ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದೆ. ಅದನ್ನು ಹೇಳಿಕೊಡಲು ನನಗಿಂತ ಚಿಕ್ಕವರು ಬೇಕು.

ಕೊನೆಯ ಸೆಮಿಸ್ಟರಿಗೆ ಪರೀಕ್ಷೆ ಕಡಿಮೆ ಮಾಡಿ ಊರಿನ ಕೆಲಸ ಕೊಡಿ. ಮಗಳ, ಸೊಸೆಯ ಬಾಣಂತನಕ್ಕೆ ಎಂದು ಆರು ತಿಂಗಳು ಅಮೆರಿಕಕ್ಕೆ ಹೋಗಿ ಬಂದ ಅಮ್ಮಂದಿರು ಮಲೆನಾಡಿನ ಊರೂರಲ್ಲಿ ಇದ್ದಾರೆ. ಲೇಹ್ಯ, ಮೆಣಸಿನಕಾಳು, ಕೊಬ್ಬರಿ ಎಣ್ಣೆ ಕಟ್ಟಿಕೊಂಡು ಹೋದವರು. ಅವರ ಕಣ್ಣಿಗೆ ಬಿದ್ದದ್ದು ಯಾವ ಪುಸ್ತಕದಲ್ಲೂ ಇಲ್ಲ. ರಸ್ತೆಯಲ್ಲಿ ನಡೆಯುವವರೇ ಇಲ್ಲ ಎಂದು ಒಬ್ಬರು ನನಗೆ ಹೇಳಿದರು. ಸಾರ್ವಜನಿಕ ಲೈಬ್ರರಿಯಲ್ಲಿ ಮಗುವಿಗೆ ಕಥೆ ಓದಿ ಹೇಳುತ್ತಾರೆ, ದುಡ್ಡು ಕೇಳುವುದಿಲ್ಲ ಎಂದು ಇನ್ನೊಬ್ಬರಿಗೆ ಆಶ್ಚರ್ಯ. ಹೆರಿಗೆ ಆಗಿ ಕೆಲವೇ ವಾರಕ್ಕೆ ಮಗಳು ಲ್ಯಾಪ್‌ಟಾಪ್ ಹಿಡಿದು ಕೂತಳು ಎಂದು ಮತ್ತೊಬ್ಬರು ಕಣ್ಣೊರೆಸಿಕೊಂಡರು. ಹೆರಿಗೆ ರಜೆಗೆ ಸಂಬಳ ಕೊಡಲೇಬೇಕು ಎಂಬ ರಾಷ್ಟ್ರೀಯ ಕಾನೂನು ಆ ಶ್ರೀಮಂತ ದೇಶದ ಖಾಸಗಿ ಕಂಪನಿಗಳಿಗೆ ಇಲ್ಲ. 1993ರ ಕಾಯ್ದೆ ಕೊಡುವುದು 12 ವಾರ, ಅದೂ ಸಂಬಳವಿಲ್ಲದ ರಜೆ. ಆ ತಾಯಿಯ ಕಣ್ಣೀರಿಗೂ ಆ ಕಾಯ್ದೆಗೂ ಇರುವ ಸಂಬಂಧವನ್ನು ಒಬ್ಬ ವಿದ್ಯಾರ್ಥಿನಿ ಹುಡುಕಿ ಬರೆದರೆ ನಾನು ಅವಳಿಗೆ ಪೂರ್ತಿ ಅಂಕ ಕೊಡುತ್ತೇನೆ.

ಪುಸ್ತಕಕ್ಕೆ ದುಡ್ಡು ಎಲ್ಲಿ ಎನ್ನುವವರಿಗೆ ಒಂದು ಮಾತು. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಫೋಟೊ, ಪತ್ರಿಕೆ, ದಾಖಲೆಗಳಲ್ಲಿ ದೊಡ್ಡ ಪಾಲನ್ನು ಅಂತರ್ಜಾಲದಲ್ಲಿ ಪುಕ್ಕಟೆ ಇಟ್ಟಿದೆ. ಗುಲಾಮರಾಗಿದ್ದವರನ್ನೇ 1936–38ರಲ್ಲಿ ಕೂರಿಸಿಕೊಂಡು ಬರೆದುಕೊಂಡ 2,300ಕ್ಕೂ ಜಾಸ್ತಿ ಬದುಕಿನ ಕಥೆಗಳು ಅಲ್ಲಿವೆ. ಬೇಕಾಗುವುದು ಒಂದು ಪ್ರೊಜೆಕ್ಟರ್, ಕಡಿದು ಹೋಗದ ಇಂಟರ್ನೆಟ್. ಮಳೆಗಾಲದಲ್ಲಿ ಎರಡನೆಯದು ಕಷ್ಟ, ಅದಕ್ಕೆ ಬೇಸಿಗೆಯಲ್ಲೇ ಇಳಿಸಿಟ್ಟುಕೊಳ್ಳಬಹುದು.

ಹೊರಗಿನ ದುಡ್ಡಿಗೆ ಕೈ ಒಡ್ಡುವುದು ಬೇಡ. ಹೈದರಾಬಾದಿನಲ್ಲಿ 1964ರಲ್ಲಿ ಅಮೆರಿಕ ಅಧ್ಯಯನ ಸಂಶೋಧನಾ ಕೇಂದ್ರ ಶುರುವಾಗಿ ಬಹಳ ಒಳ್ಳೆಯ ಗ್ರಂಥಾಲಯ ಬೆಳೆಯಿತು. ದೇಶದ ಮೂಲೆಮೂಲೆಯ ಇಂಗ್ಲಿಷ್ ಮೇಷ್ಟ್ರುಗಳು ಅಲ್ಲಿ ಹೋಗಿ ಓದಿದರು. ಅಮೆರಿಕದ ನೆರವು ಕಡಿಮೆಯಾದ ಮೇಲೆ ಅದು ಹಿಂದಿನ ಹಾಗೆ ಉಳಿಯಲಿಲ್ಲ. ನಮ್ಮದು ಚಿಕ್ಕದಾಗಿರಲಿ, ನಮ್ಮದೇ ಆಗಿರಲಿ. ಮೊದಲ ವರ್ಷ ಒಂದು ಸರ್ಟಿಫಿಕೇಟ್ ಕೋರ್ಸ್ ಮಾಡಿ ನೋಡಿ. ಇತಿಹಾಸ, ಇಂಗ್ಲಿಷ್, ರಾಜ್ಯಶಾಸ್ತ್ರದವರು ಹಂಚಿಕೊಂಡು ಪಾಠ ಮಾಡಬಹುದು. ಅತಿಥಿ ಉಪನ್ಯಾಸಕರಿಗೆ ಹಂಚಿದರೆ ಅದಕ್ಕೆ ಸರಿಯಾದ ವರ್ಕ್‌ಲೋಡ್ ತೋರಿಸಿ ಸಂಬಳ ಕೊಡಿ. ಪುಕ್ಕಟೆ ದುಡಿಸಬೇಡಿ.

ನಮ್ಮ ಸಂಸ್ಕೃತಿಯೇ ಮಕ್ಕಳಿಗೆ ಗೊತ್ತಿಲ್ಲ, ಅಮೆರಿಕದ್ದು ಯಾಕೆ ಎಂದು ಕೇಳುವ ಹಿರಿಯರಿದ್ದಾರೆ. ಅವರ ಕಳವಳ ನನಗೆ ಅರ್ಥವಾಗುತ್ತದೆ. ಆದರೆ ಅಮೆರಿಕದವರು ನಮ್ಮನ್ನು ಓದಿಯಾಗಿದೆ. ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ಗೋಧಿ ಮಾರಿದ ಅದೇ ಪಿಎಲ್-480 ರೂಪಾಯಿಯಲ್ಲಿ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಿತು. ಅವುಗಳಲ್ಲಿ ಕನ್ನಡದವೂ ಇದ್ದವು. ಮೈಸೂರಿನ ಎ.ಕೆ. ರಾಮಾನುಜನ್ ಷಿಕಾಗೋದಲ್ಲಿ ಕೂತು ವಚನಗಳನ್ನು ಅವರಿಗೆ ಓದಿಸಿದರು. ಮೇಳಿಗೆಯ ಅನಂತಮೂರ್ತಿಯವರನ್ನು ಅವರ ತರಗತಿಗೆ ಮುಟ್ಟಿಸಿದವರೂ ಅವರೇ. ನಮ್ಮ ಜಾತಿ, ನಮ್ಮ ಮಠ, ನಮ್ಮ ತೋಟದ ಮನೆಯ ಒಳಗುಟ್ಟು ಅಲ್ಲಿನ ಇಪ್ಪತ್ತು ವರ್ಷದ ವಿದ್ಯಾರ್ಥಿಗೆ ಗೊತ್ತು. ಅವರ ಮನೆಯ ಒಳಗು ನಮ್ಮ ಇಪ್ಪತ್ತು ವರ್ಷದವರಿಗೂ ಗೊತ್ತಾಗಬೇಕಲ್ಲವೇ?

ಕೆಲಸ ಸಿಗುತ್ತದೆಯೇ ಎಂದರೆ, ಬಿ.ಎ. ಆದವರಿಗೆ ಸಿಗುವ ದಾರಿಗಳೇ ಇವರಿಗೂ. ಟೀಚರ್, ಪತ್ರಿಕೆ, ಅನುವಾದ, ಕೆಎಎಸ್, ಮುಂದೆ ಎಂ.ಎ. ವೀಸಾ ಕೊಡಿಸುತ್ತೇವೆ ಎಂದು ಯಾರಾದರೂ ಈ ಕೋರ್ಸಿಗೆ ಬೋರ್ಡು ಹಾಕಿದರೆ ಅದನ್ನು ಮೊದಲು ಕಿತ್ತು ಹಾಕಬೇಕು.

ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಗೆ ಇದರ ವಿವರವಾದ ಕರಡನ್ನು ಪ್ರತ್ಯೇಕವಾಗಿ ಕಳಿಸುತ್ತಿದ್ದೇನೆ. ಮಂಜೂರಾತಿಗೆ ಕಾಲ ಹಿಡಿಯುತ್ತದೆ, ಅದು ಗೊತ್ತು. ಆದರೆ ಒಂದು ಕೆಲಸ ಕಾಯುವಂಥದ್ದಲ್ಲ. ಲೋಹಿಯಾ ಬಂದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರ ಮಾತನ್ನು ಈ ಮಳೆಗಾಲದ ಒಳಗೆ ರೆಕಾರ್ಡ್ ಮಾಡಿಕೊಳ್ಳಬೇಕು. ಕಾಗೋಡು ಸೀಮೆಯ ಓದುಗರು ತಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಹತ್ತಿರದ ಪದವಿ ಕಾಲೇಜಿನ ಇತಿಹಾಸ ವಿಭಾಗಕ್ಕೆ ತಿಳಿಸಲಿ. 1960–70ರ ದಶಕದಲ್ಲಿ ಅಮೆರಿಕದಿಂದ ಬಂದ ನೀಲಿ ಇನ್‌ಲ್ಯಾಂಡಿನಂಥ ಏರೋಗ್ರಾಂ ಪತ್ರಗಳು ಯಾರ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ಜೆರಾಕ್ಸ್ ಮಾಡಿಸಿ ಕಾಲೇಜಿನ ಲೈಬ್ರರಿಗೆ ಕೊಡಿ. ಯಾವುದೇ ಕಾಲೇಜು ಈ ಕೆಲಸಕ್ಕೆ ಮುಂದೆ ಬಂದರೂ ವಾರಕ್ಕೆ ಎರಡು ದಿನ ಸಂಭಾವನೆ ಇಲ್ಲದೆ ಬಂದು ಮಕ್ಕಳ ಜೊತೆ ಕೂರಲು ನಾನು ಸಿದ್ಧಳಿದ್ದೇನೆ.

ಇಂತಿ ನಿಮ್ಮ ಓದುಗರಲ್ಲಿ ಒಬ್ಬಳು,
ನಿವೃತ್ತ ಇತಿಹಾಸ ಉಪನ್ಯಾಸಕಿ, ಸಾಗರ